ಮೀನು ನಸುಕಿನಲ್ಲಿ ಬಾಯಿ ಬಿಡುವುದೇಕೆ?



ಸಂಜೆ ಚೆನ್ನಾಗಿಯೇ ಆಡುತ್ತಿದ್ದ ಕಾಟ್ಲಾ, ರೋಹು ಮೀನುಗಳು ನಸುಕಿನಲ್ಲಿ ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತವೆ. ಹೊತ್ತೇರುವುದರೊಳಗೆ ಸತ್ತು ತೇಲುತ್ತವೆ. ಯಾರೋ ವಿಷ ಹಾಕಿದರೆಂದು ನೆರೆಯವರ ಮೇಲೆ ಜಗಳಕ್ಕೆ ಹೋಗಬೇಡಿ. ಮೊದಲು ಕಟ್ಟೆಯ ನೀರು ನೋಡಿ.

ತಿಪ್ಪೆಯ ರಸ, ಹೊಲದ ಗೊಬ್ಬರ ಮಳೆನೀರಿನೊಡನೆ ಕಟ್ಟೆಗಿಳಿದರೆ ಪಾಚಿ ಬೆಳೆದು ನೀರು ದಟ್ಟ ಹಸುರಾಗುತ್ತದೆ. ಹಗಲು ಬಿಸಿಲಿನಲ್ಲಿ ಈ ಪಾಚಿ ನೀರಿಗೆ ಪ್ರಾಣವಾಯು ಕೊಡುತ್ತದೆ. ರಾತ್ರಿ ಅದನ್ನು ತಾನೇ ಬಳಸಿಕೊಳ್ಳುತ್ತದೆ. ಬೆಳಗಿನ ಜಾವಕ್ಕೆ ಮೀನಿಗೆ ಉಸಿರು ಸಾಲದು. ಮೋಡ ಕವಿದ ದಿನಗಳಲ್ಲಂತೂ ಅಪಾಯ ಹೆಚ್ಚು.

ಪರೀಕ್ಷೆ ಸುಲಭ. ಬಿಸಿಲಿರುವಾಗ ಹಸುರು ನೀರಿನಲ್ಲಿ ಮೊಳಕೈವರೆಗೆ ಕೈ ಮುಳುಗಿಸಿ. ನೀರು ಮೊಳಕೈಗೆ ಬರುವುದಕ್ಕೆ ಬಹಳ ಮೊದಲೇ ಅಂಗೈ ಕಾಣದಾದರೆ ಪಾಚಿ ಮಿತಿಮೀರಿದೆ ಅಂತಲೇ ತಿಳಿಯಿರಿ. ಅಂದೇ ಸಗಣಿ, ಗೊಬ್ಬರ ಹಾಕುವುದನ್ನು ನಿಲ್ಲಿಸಿ. ಮೀನಿನ ಮೇವನ್ನೂ ತಡೆಯಿರಿ.

ಮೀನು ಬಾಯಿ ಬಿಡುತ್ತಿದ್ದರೆ ಪಂಪಿನಿಂದ ಹೊಸ ನೀರು ಬಿಡಿ. ಕೊಳವೆಬಾವಿಯ ನೀರಿನಲ್ಲೂ ಪ್ರಾಣವಾಯು ಕಮ್ಮಿ. ಆದ್ದರಿಂದ ನೀರು ಎತ್ತರದಿಂದ ಚಿಮ್ಮಿ ಬೀಳಲಿ. ಪಂಪು ಇಲ್ಲವೇ? ದಡದಲ್ಲಿ ನಿಂತು ನಾಲ್ಕು ಜನ ಗಳುಗಳಿಂದ ನೀರು ಬಡಿಯಿರಿ, ಬಿಸಿಲೇರುವ ತನಕ.

ಇದು ಆ ಹೊತ್ತಿನ ಉಪಾಯ ಮಾತ್ರ. ಮಳೆಗಾಲಕ್ಕೆ ಮುಂಚೆ ತಿಪ್ಪೆಯನ್ನು ಕಟ್ಟೆಗೆ ನೀರು ಹರಿದುಬರುವ ದಾರಿಯಿಂದ ದೂರ ಸರಿಸಿ. ಆ ಗೊಬ್ಬರ ಹೊಲದಲ್ಲಿದ್ದರೆ ಬೆಳೆ. ಕಟ್ಟೆಗಿಳಿದರೆ ಮೀನೂ ಹೋಯಿತು, ಗೊಬ್ಬರವೂ ಹೋಯಿತು.