ಪರೀಕ್ಷೆಯ ಚೀಟಿಯಲ್ಲಿ ಗಂಡನ ಹೆಸರು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಮನೆಗಳಲ್ಲಿ ಎರಡನೆಯ ಸಲವೂ ಬಸಿರು ಇಳಿದರೆ ಮಾತು ಯಾರ ಮೇಲೆ ಹೋಗುತ್ತದೆ ಎಂಬುದು ಈ ಸಭೆಗೆ ಹೊಸದಲ್ಲ. ‘ಆಕಿ ಹೊಟ್ಟ್ಯಾಗ ಕೂಸು ನಿಲ್ಲವಲ್ದು’ ಅನ್ನುತ್ತಾರೆ. ಸ್ಕ್ಯಾನ್, ಥೈರಾಯ್ಡ್, ಸಕ್ಕರೆ ಪರೀಕ್ಷೆ ಎಲ್ಲ ಅವಳಿಗೇ. ಹರಕೆ, ತಾಯತ, ಪಥ್ಯವೂ ಅವಳಿಗೇ. ಮೂರನೆಯ ಸಲವೂ ಹೀಗಾದರೆ ಗಂಡನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ಕಟ್ಟೆಯ ಮೇಲೆ ಏಳುತ್ತದೆ. ಬಸಿರು ನಿಂತಿತ್ತಲ್ಲ, ಅಂದಮೇಲೆ ಗಂಡನದು ಸರಿಯಾಗಿಯೇ ಇದೆ ಎಂಬುದು ಎಲ್ಲರ ಲೆಕ್ಕ. ಆ ಲೆಕ್ಕ ತಪ್ಪು.

ಹಾಗೆಂದು ಎಲ್ಲವನ್ನೂ ಗಂಡಸಿನ ತಲೆಗೆ ಕಟ್ಟುವುದು ನನ್ನ ಉದ್ದೇಶವಲ್ಲ. ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಸುಮಾರು 15 ಹೇಗೂ ಇಳಿಯುತ್ತವೆ. ಮೊದಲ 3 ತಿಂಗಳಲ್ಲಿ ಹೋಗುವವುಗಳಲ್ಲಿ ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮ್ ದೋಷವೇ ಕಾರಣ. ಅದು ಹೆಚ್ಚಾಗಿ ಅಂಡಾಣುವಿನಿಂದ, ತಾಯಿಯ ವಯಸ್ಸು ಏರಿದಂತೆ ಬರುವಂಥದ್ದು. ಸೋದರ ಸಂಬಂಧದ ಮದುವೆಯನ್ನೂ ಜನ ದೂರುತ್ತಾರೆ. ಅದರ ಕೇಡು ಹೆಚ್ಚು ಸ್ಪಷ್ಟವಾಗಿ ಕಾಣುವುದು ಹುಟ್ಟಿದ ಮಕ್ಕಳ ವಂಶವಾಹಿ ಕಾಯಿಲೆಗಳಲ್ಲಿ, ಗರ್ಭಪಾತದಲ್ಲಿ ಅಷ್ಟಾಗಿ ಅಲ್ಲ.

ಈಗ ವೀರ್ಯಾಣುವಿನ ಮಾತು. ಜಿನ್ನಿನಲ್ಲಿ ಹತ್ತಿಯನ್ನು ಒತ್ತಿ ಅಂಡಿಗೆ ಕಟ್ಟಿದಂತೆ ಅದರ ತಲೆಯೊಳಗೆ ಡಿಎನ್‌ಎ ಬಿಗಿಯಾಗಿ ಅಡಕವಾಗಿರುತ್ತದೆ. ಪ್ರೋಟಮಿನ್ ಎಂಬ ಪ್ರೋಟೀನು ಆ ಕಟ್ಟು. ಕಟ್ಟು ಸಡಿಲವಾದರೆ ಆಕ್ಸಿಡೀಕರಣದ ಹೊಡೆತಕ್ಕೆ ಎಳೆಗಳು ತುಂಡಾಗುತ್ತವೆ. ಅದನ್ನು ರಿಪೇರಿ ಮಾಡಿಕೊಳ್ಳುವ ಶಕ್ತಿ ವೀರ್ಯಾಣುವಿಗೆ ಇಲ್ಲವೆಂದೇ ಹೇಳಬೇಕು. ಅಂಡಾಣು ಸ್ವಲ್ಪ ಮಟ್ಟಿಗೆ ತುಂಡುಗಳನ್ನು ಕೂಡಿಸುತ್ತದೆ. ಅದರ ಕೈಮೀರಿದರೆ ಗರ್ಭ ಕಟ್ಟಿದರೂ ಮುಂದೆ ಬೆಳೆಯದೆ ಹೋಗಬಹುದು. ಇನ್ನೊಂದು ಸಂಗತಿ. 1984ರಲ್ಲಿ ಅಜೀಮ್ ಸುರಾನಿ ಮತ್ತಿತರರು ಇಲಿಗಳಲ್ಲಿ ತೋರಿಸಿದಂತೆ, ತಾಯಿಯ ಜೀನ್‌ಗಳಷ್ಟೇ ಇದ್ದರೆ ಮಾಸು ಸರಿಯಾಗಿ ಬೆಳೆಯುವುದಿಲ್ಲ, ಅದಕ್ಕೆ ತಂದೆಯ ಜೀನ್‌ಗಳು ಬೇಕೇ ಬೇಕು. ಹೊಟ್ಟೆ ಅವಳದಾದರೂ ಕೂಸನ್ನು ಹಿಡಿದಿಡುವ ಮಾಸಿನಲ್ಲಿ ಅವನ ಪಾಲು ದೊಡ್ಡದು.

2012ರಲ್ಲಿ 16 ಅಧ್ಯಯನಗಳನ್ನು, 2969 ದಂಪತಿಗಳನ್ನು ಒಟ್ಟು ಮಾಡಿ ನೋಡಿದಾಗ ವೀರ್ಯಾಣುವಿನ ಡಿಎನ್‌ಎ ಹೆಚ್ಚು ತುಂಡಾಗಿದ್ದವರಲ್ಲಿ ಗರ್ಭಪಾತದ ಸಂಭವ ಸುಮಾರು 2 ಪಟ್ಟು ಕಂಡಿತು. 2019ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಹೆಂಡತಿಗೆ ಮತ್ತೆ ಮತ್ತೆ ಗರ್ಭ ಇಳಿದಿದ್ದ 50 ಗಂಡಸರನ್ನು ಬೇರೆ 60 ಮಂದಿಯ ಜೊತೆ ಹೋಲಿಸಿದಾಗ ಡಿಎನ್‌ಎ ಹಾನಿ ಎರಡರಷ್ಟಿತ್ತು. ನಮ್ಮಲ್ಲಿ ‘ಕೌಂಟ್ ಬರೋಬ್ಬರಿ ಐತಿ’ ಎಂದು ರಿಪೋರ್ಟು ಮಡಚಿ ಕಿಸೆಗೆ ಇಟ್ಟುಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಸಂಖ್ಯೆಯ ಕೆಳಮಟ್ಟ ಮಿಲಿಲೀಟರಿಗೆ 1.6 ಕೋಟಿ. ಆದರೆ ತಲೆ ಎಣಿಸಿದರೆ ತಲೆಯೊಳಗಿನ ಹಾನಿ ಕಾಣದು. ಡಿಎನ್‌ಎ ತುಂಡಾಗಿರುವುದನ್ನು ನೋಡುವ ಪರೀಕ್ಷೆಯೇ ಬೇರೆ.

ಹಾನಿಗೆ ಕಾರಣಗಳನ್ನು ದೂರ ಹುಡುಕಬೇಕಿಲ್ಲ. ವೃಷಣಕ್ಕೆ ಮೈಯ ಬಿಸಿಗಿಂತ 2ರಿಂದ 4 ಡಿಗ್ರಿ ತಂಪು ಬೇಕು. ಇಟ್ಟಿಗೆ ಭಟ್ಟಿಯಲ್ಲಿ, ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮುಂದೆ ಆ ತಂಪು ಎಲ್ಲಿ ಬರಬೇಕು? ತಂಬಾಕು, ಗುಟ್ಕಾ, ಬೀಡಿ. ವೃಷಣದ ರಕ್ತನಾಳ ಉಬ್ಬುವ ವೆರಿಕೋಸೀಲ್. ಮೈಮೇಲೆ ಬಟ್ಟೆ ಬಿಟ್ಟರೆ ಬೇರೇನೂ ಇಲ್ಲದೆ ದ್ರಾಕ್ಷಿಗೆ ಕೀಟನಾಶಕದ ‘ಎಣ್ಣಿ’ ಹೊಡೆಯುವವರ ಬಗ್ಗೆಯೂ ಯೋಚಿಸಬೇಕು. 1977ರಲ್ಲಿ ಕ್ಯಾಲಿಫೋರ್ನಿಯಾದ ಲಾಥ್ರಾಪ್‌ನಲ್ಲಿ ಡಿಬಿಸಿಪಿ ಎಂಬ ಕೀಟನಾಶಕ ತಯಾರಿಸುತ್ತಿದ್ದ ಕಾರ್ಮಿಕರು ತಮಗೆ ಮಕ್ಕಳಾಗುತ್ತಿಲ್ಲವೆಂದು ತಮ್ಮತಮ್ಮಲ್ಲೇ ಮಾತಾಡಿಕೊಂಡ ಮೇಲಷ್ಟೇ ಅದು ವೈದ್ಯರ ಕಣ್ಣಿಗೆ ಬಿತ್ತು. ನಮ್ಮ ತೋಟಗಳಲ್ಲಿ ಆ ಮಾತೇ ಹೊರಡುವುದಿಲ್ಲ. ವಿಜಯಪುರದಲ್ಲೇ, ಅಲ್-ಅಮೀನ್ ವೈದ್ಯಕೀಯ ಕಾಲೇಜಿನಿಂದ, ಕೆ. ಕೆ. ದಾಸ್ ಮತ್ತು ಎಸ್. ದಾಸ್‌ಗುಪ್ತಾ 2002ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ನಿಕಲ್ ಸಲ್ಫೇಟ್ ಕೊಟ್ಟ ಇಲಿಗಳಲ್ಲಿ ಟೆಸ್ಟೋಸ್ಟೆರಾನ್ ಕುಸಿಯಿತು; ಆಹಾರದಲ್ಲಿ ಪ್ರೋಟೀನು ಕಡಿಮೆಯಿದ್ದಾಗ ಏನಾಗುತ್ತದೆ ಎಂಬುದನ್ನೂ ಅವರು ನೋಡಿದರು. ಅದು ಇಲಿಗಳ ಸಂಗತಿ, ಗರ್ಭಪಾತದ್ದಲ್ಲ. ಆದರೆ ವಿಷವನ್ನೂ ಹಸಿವನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂದು ತೋಚಿದ್ದು ಈ ಜಿಲ್ಲೆಯಲ್ಲಿ ಎಂಬುದು ನನಗೆ ಮುಖ್ಯ.

ಪರಿಹಾರ? ದುಬಾರಿ ವಿಟಮಿನ್ ಗುಳಿಗೆಗಳ ಡಬ್ಬಿಗೆ ಕೈಹಾಕುವ ಮುನ್ನ ತಡೆಯಿರಿ: 2020ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಅವುಗಳಿಂದ ಡಿಎನ್‌ಎ ಸುಧಾರಿಸಲಿಲ್ಲ. ತಂಬಾಕು ಬಿಡುವುದು, ವೆರಿಕೋಸೀಲ್ ಇದ್ದರೆ ತೋರಿಸಿಕೊಳ್ಳುವುದು, ಗಂಡಹೆಂಡಿರಿಬ್ಬರ ಕ್ರೋಮೋಸೋಮ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳುವುದು, ಇಷ್ಟು ಮೊದಲು. ವೀರ್ಯಾಣು ತಯಾರಾಗಲು ಸುಮಾರು 74 ದಿನ, ಹೊರಬರಲು ಇನ್ನೆರಡು ವಾರ ಬೇಕು. ಇಂದು ಗುಟ್ಕಾ ಬಿಟ್ಟವನು ಮೂರು ತಿಂಗಳು ತುಂಬುವ ಮೊದಲೇ ಫಲ ಕೇಳಬಾರದು.

ಕೊನೆಗೆ ಸಣ್ಣದೊಂದು ಅಡಚಣೆ. 2ರಿಂದ 7 ದಿನ ಸಂಯಮವಿಟ್ಟು ಕೊಟ್ಟ ವೀರ್ಯದ ಮಾದರಿಯನ್ನು ಒಂದು ಗಂಟೆಯೊಳಗೆ ನೋಡಬೇಕು. ಮುದ್ದೇಬಿಹಾಳದಲ್ಲಿ ಡಬ್ಬಿಗೆ ಹಾಕಿ ಹೆಂಡತಿಯ ಕೈಗೆ ಕೊಟ್ಟು ವಿಜಯಪುರದ ಬಸ್ಸು ಹತ್ತಿಸಿದರೆ ಅದು ಕೆಲಸಕ್ಕೆ ಬಾರದು. ಗಂಡನೇ ಲ್ಯಾಬಿಗೆ ಹೋಗಬೇಕು.