ಗಣಿಗರ ಊರಿನ ಶಾಲೆ
(ಒಂದು ಉಪನ್ಯಾಸದ ಲೇಖರೂಪ)



ಶಾಲೆಯು ಊರಿನ ಬಾಳುವೆಯೊಡನೆ ಬೆರೆಯಬೇಕೆಂಬ ಮಾತು ಕೇಳಲು ಸೊಗಸಾದುದು. ಅದನ್ನು ಕೃತಿಗಿಳಿಸಿದವರ ಪಾಡೇನಾಯಿತೆಂಬುದನ್ನು ತಮ್ಮಲ್ಲಿ ಅರಿಕೆಮಾಡಬಯಸುತ್ತೇನೆ.

ಅಮೇರಿಕೆಯ ಪಶ್ಚಿಮ ವರ್ಜೀನಿಯಾ ಸಂಸ್ಥಾನದಲ್ಲಿ ಸ್ಕಾಟ್ಸ್ ರನ್ ಎಂಬ ಕಲ್ಲಿದ್ದಲ ಕಣಿವೆಯುಂಟು. 1929ರ ತರುವಾಯದ ಆರ್ಥಿಕ ಮುಗ್ಗಟ್ಟಿನಲ್ಲಿ ಅಲ್ಲಿಯ ಗಣಿಗರು ಕೂಲಿಯಿಲ್ಲದೆ ಕಂಗೆಟ್ಟರು. ಮಕ್ಕಳು ಹಸಿವಿನಿಂದ ಕೃಶರಾದರು. 1933ರಲ್ಲಿ ರಾಷ್ಟ್ರಾಧ್ಯಕ್ಷರ ಪತ್ನಿ ಎಲಿನರ್ ರೂಸ್‌ವೆಲ್ಟರು ಇದನ್ನು ಕಣ್ಣಾರೆ ಕಂಡರು. ಅವರ ಒತ್ತಾಸೆಯಿಂದ ಆರ್ಥರ್‌ಡೇಲ್ ಎಂಬಲ್ಲಿ ಸರಕಾರವು ಈ ಗಣಿಗರಿಗಾಗಿ 165 ಮನೆಗಳ ಹೊಸ ಗ್ರಾಮವನ್ನು ಕಟ್ಟಿಸಿತು.

1934ರಲ್ಲಿ ಅಲ್ಲಿಯ ಶಾಲೆಯ ಹೊಣೆ ಹೊತ್ತ ಎಲ್ಸಿ ಕ್ಲಾಪ್ ಎಂಬ ವಿದುಷಿಯು ತತ್ತ್ವಜ್ಞಾನಿ ಜಾನ್ ಡ್ಯೂಯಿಯವರ ಶಿಷ್ಯೆ. ಕಣ್ಣೆದುರಿಗೆ ಮನೆಗಳು ಏಳುತ್ತಿದ್ದವು. ಚಿಕ್ಕ ಮಕ್ಕಳು ಅವನ್ನು ನೋಡಿ ತಮ್ಮದೊಂದು ಪುಟ್ಟ ಗ್ರಾಮವನ್ನು ರಚಿಸಿದರು. ಅಳತೆ, ಲೆಕ್ಕ, ಓದು ಎಲ್ಲವೂ ಅದರೊಳಗೇ ಬಂದವು. ನಾಲ್ಕನೆಯ ಇಯತ್ತೆಯವರು ಅಲ್ಲಿದ್ದ ಹಳೆಯ ಮರದ ದಿಮ್ಮಿಗಳ ಮನೆಯನ್ನು ಆಧಾರವಾಗಿಟ್ಟುಕೊಂಡು ಪೂರ್ವಿಕರ ಜೀವನಕ್ರಮವನ್ನು ಅಭ್ಯಸಿಸಿದರು. ನಾಗರಿಕರೆನಿಸಿಕೊಂಡವರು ಹೀಗಳೆಯುತ್ತಿದ್ದ ಆ ಗುಡ್ಡಗಾಡಿನ ಹಾಡು, ಪಿಟೀಲು, ಕುಣಿತಗಳಿಗೆ ಶಾಲೆಯಲ್ಲಿ ಮಾನ ದೊರೆಯಿತು. ಶಾಲೆಗೆ ಹೋಗುವ ವಯಸ್ಸಾಗದ ಕೂಸುಗಳಿಗೆ ಶಿಶುವಿಹಾರವಿತ್ತು. ಅವುಗಳ ಆಹಾರ, ಆರೋಗ್ಯಗಳೂ ಶಿಕ್ಷಣದ ಅಂಗವೆನಿಸಿದ್ದವು. ಇದಕ್ಕಿಂತ ಹಿರಿದಾದ ವಿದ್ಯಾದಾನವನ್ನು ನಾನು ಕಾಣೆ.

ಆದರೆ ಸ್ಕಾಟ್ಸ್ ರನ್ನಿನಲ್ಲಿ ಬಹುಸಂಖ್ಯೆಯಲ್ಲಿದ್ದ ಆಫ್ರಿಕಾ ಮೂಲದ ಗಣಿಗರಿಗೆ ಹೊಸ ಗ್ರಾಮದಲ್ಲಿ ಒಂದು ಮನೆಯೂ ದಕ್ಕಲಿಲ್ಲ. ಎಲಿನರ್ ಹೇಳಿದರೂ ನಿವಾಸಿಗಳು ಒಪ್ಪಲಿಲ್ಲ. ಬಿಳಿಯರ ಮಕ್ಕಳೂ ಕರಿಯರ ಮಕ್ಕಳೂ ಒಂದೇ ಶಾಲೆಯಲ್ಲಿ ಓದಕೂಡದೆಂದು ಆಗ ಆ ಸಂಸ್ಥಾನದ ರಾಜ್ಯಘಟನೆಯೇ ವಿಧಿಸಿತ್ತು. ಸಮುದಾಯವೆಂಬ ಶಬ್ದದ ಮೇರೆ ಎಲ್ಲಿ ನಿಂತಿತು, ನೋಡಿರಿ!

ಇನ್ನು ಹಣದ ಮಾತು. ಶಾಲೆಯು ಬಹುಮಟ್ಟಿಗೆ ಬರ್ನಾರ್ಡ್ ಬರೂಕ್ ಮೊದಲಾದ ಧನಿಕರ ದಾನವನ್ನು ನೆಚ್ಚಿತ್ತು. ಊರಿಗೆ ಸ್ಥಿರವಾದ ಉದ್ಯೋಗವಿರಲಿಲ್ಲ. ಅಂಚೆ ಇಲಾಖೆಗೆ ಪೀಠೋಪಕರಣ ಮಾಡುವ ಕಾರಖಾನೆಯೊಂದನ್ನು ಅಲ್ಲಿ ತೆರೆಯುವ ಯೋಜನೆಯನ್ನು ಅಮೇರಿಕೆಯ ಶಾಸನಸಭೆಯು 1934ರಲ್ಲಿ ತಡೆಯಿತು. ಇಂಥ ಹೊಸ ಬಗೆಯ ಓದಿಗೆ ಹೊರಗೆ ಮಾನ್ಯತೆ ದೊರೆತೀತೇ ಎಂಬ ಚಿಂತೆ ತಾಯಿತಂದೆಗಳಿಗೂ ಇತ್ತು. ಅದನ್ನು ಅಜ್ಞಾನವೆಂದು ತಳ್ಳಿಬಿಡುವವರೊಡನೆ ನಾನು ಸೇರಲಾರೆನು. ಮಗನನ್ನು ಗಣಿಯಿಂದ ಉಳಿಸಬೇಕೆನ್ನುವ ತಂದೆಗೆ ಪ್ರಮಾಣಪತ್ರವೇನು ಅಲ್ಪವಸ್ತುವೇ?

1936ರಲ್ಲಿ ದಾನವು ಬತ್ತಿತು; ಕ್ಲಾಪ್ ಹೊರಟುಹೋದರು; ಶಾಲೆಯು ಸಾಮಾನ್ಯ ಸರಕಾರಿ ಶಾಲೆಗಳಲ್ಲೊಂದಾಯಿತು. 1938ರಲ್ಲಿ ಅಲ್ಲಿಯ ಹೈಸ್ಕೂಲಿನ ಪ್ರಮಾಣಪತ್ರ ವಿತರಣೆಯ ಸಮಾರಂಭಕ್ಕೆ ಸ್ವತಃ ರಾಷ್ಟ್ರಾಧ್ಯಕ್ಷ ರೂಸ್‌ವೆಲ್ಟರೇ ಬಂದು ಭಾಷಣಮಾಡಿದರು. ಆ ವೇಳೆಗೆ ಕ್ಲಾಪ್ ಹೋಗಿ ಎರಡು ವರ್ಷಗಳಾಗಿದ್ದವು.