ಗೆಲ್ಲುವವರು ಯಾರು? – ಆಸ್ಟ್ರೇಲಿಯದ ಜೂಜಿನ ಕಥೆ



ಪ್ರತಿ ವರ್ಷ ನವೆಂಬರ್ ತಿಂಗಳ ಮೊದಲ ಮಂಗಳವಾರ ಆಸ್ಟ್ರೇಲಿಯದ ಮೆಲ್ಬರ್ನ್ ನಗರಕ್ಕೆ ಸಾರ್ವಜನಿಕ ರಜೆ. ಕಾರಣವೇನು ಗೊತ್ತೆ? ಒಂದು ಕುದುರೆ ಪಂದ್ಯ! 1861ರಲ್ಲಿ ಆರಂಭವಾದ ಮೆಲ್ಬರ್ನ್ ಕಪ್ ಪಂದ್ಯ ಫ್ಲೆಮಿಂಗ್ಟನ್ ಮೈದಾನದಲ್ಲಿ ನಡೆಯುವಾಗ ದೂರದ ಊರುಗಳ ಕಚೇರಿಗಳಲ್ಲಿಯೂ ಕೆಲವು ನಿಮಿಷ ಕೆಲಸ ನಿಲ್ಲುತ್ತದೆ. ವರ್ಷವಿಡೀ ಬಾಜಿಯ ಗೋಜಿಗೆ ಹೋಗದವರೂ ಅಂದು ನಾಲ್ಕಾರು ಡಾಲರ್ ಕಟ್ಟುತ್ತಾರೆ.

ಈ ನಂಟು ಹಳೆಯದು. ಮೊದಲ ಮಹಾಯುದ್ಧದ ಸೈನಿಕರು ನಾಣ್ಯ ಚಿಮ್ಮಿ ಆಡುತ್ತಿದ್ದ ‘ಟೂ-ಅಪ್’ ಆಟವನ್ನು ಏಪ್ರಿಲ್ 25ರ ಆನ್‌ಜಾಕ್ ದಿನದಂದು ಇಂದಿಗೂ ಆಡುತ್ತಾರೆ. 1956ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯವು ಕ್ಲಬ್ಬುಗಳಲ್ಲಿ ಜೂಜುಯಂತ್ರಗಳಿಗೆ ಅನುಮತಿ ನೀಡಿತು. ಜನ ಅವುಗಳಿಗೆ ‘ಪೋಕಿ’ ಎಂದು ಮುದ್ದಿನ ಹೆಸರಿಟ್ಟರು. ಜಗತ್ಪ್ರಸಿದ್ಧ ಸಿಡ್ನಿ ಒಪೆರಾ ಹೌಸ್‌ನ ನಿರ್ಮಾಣ ವೆಚ್ಚದ ಬಹುಪಾಲು ಬಂದದ್ದು ಲಾಟರಿಯಿಂದ. ಜೂಜಿನ ತೆರಿಗೆ ಅಲ್ಲಿನ ರಾಜ್ಯ ಸರ್ಕಾರಗಳ ಬೊಕ್ಕಸಕ್ಕೂ ಬೇಕು. ಹೀಗಿರುವಾಗ ಕಡಿವಾಣ ಹಾಕುವುದು ಸುಲಭವೆ?

ಇದರ ಬೆಲೆಯನ್ನೂ ನೋಡೋಣ. 2018-19ರಲ್ಲಿ ಆಸ್ಟ್ರೇಲಿಯನ್ನರು ಜೂಜಿನಲ್ಲಿ ಕಳೆದುಕೊಂಡ ಹಣ ಸುಮಾರು 2,500 ಕೋಟಿ ಡಾಲರ್. ತಲಾ ನಷ್ಟದಲ್ಲಿ ಜಗತ್ತಿನಲ್ಲಿಯೇ ಅವರದು ಮೊದಲ ಸ್ಥಾನ. ಪೋಕಿ ಯಂತ್ರಗಳಿಗೆ ಸುರಿಯುವ ಹಣದಲ್ಲಿ ಸುಮಾರು ಶೇಕಡ 40ರಷ್ಟು, ಜೂಜಿನ ಗೀಳಿಗೆ ಸಿಕ್ಕಿ ನರಳುವ ಅಲ್ಪಸಂಖ್ಯೆಯ ಜನರದೇ ಎಂದು ಅಲ್ಲಿನ ಉತ್ಪಾದಕತಾ ಆಯೋಗ 2010ರಲ್ಲಿ ಅಂದಾಜು ಮಾಡಿತು.

ಸೋತವರು ಅದೃಷ್ಟವನ್ನು ದೂರುತ್ತಾರೆ. ಆದರೆ ಇದು ಲೆಕ್ಕದ ಮಾತು. ಸಮಬಲದ ಎರಡು ತಂಡಗಳ ಪಂದ್ಯಕ್ಕೆ ಇಬ್ಬರು ಒಂದೊಂದು ಕಡೆ ನೂರು ಡಾಲರ್ ಕಟ್ಟಿದರೆನ್ನೋಣ. ಗೆದ್ದವನಿಗೆ ಬುಕ್ಕಿ 190 ಡಾಲರ್ ಕೊಡುತ್ತಾನೆ. ಉಳಿದ ಹತ್ತು ಅವನ ಜೇಬಿಗೆ. ಯಾವ ತಂಡ ಗೆದ್ದರೂ ಅವನಿಗೆ ಸೋಲಿಲ್ಲ. ಯಂತ್ರದ ಲೆಕ್ಕವೂ ಹೀಗೆಯೇ. ಸುತ್ತಿಗೆ ಸರಾಸರಿ ನೂರಕ್ಕೆ ತೊಂಬತ್ತು ಹಿಂದಿರುಗಿಸುವ ಯಂತ್ರಕ್ಕೆ, ಬಂದ ಹಣವನ್ನೆಲ್ಲ ಮತ್ತೆ ಮತ್ತೆ ಹಾಕುತ್ತ ಹೋದರೆ, ಏಳನೆಯ ಸುತ್ತಿಗೆ ಸರಾಸರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕರಗಿರುತ್ತದೆ.

ಇಂದು ಬಾಜಿಕಟ್ಟೆ ಮೊಬೈಲ್ ಫೋನಿನೊಳಗೇ ಕುಳಿತಿದೆ. ಆಟ ನೋಡುವ ಮಕ್ಕಳ ಕಿವಿಗೂ ಬಾಜಿಯ ಜಾಹೀರಾತು ಬೀಳುತ್ತದೆ. ಆನ್‌ಲೈನ್ ಜೂಜಿನ ಜಾಹೀರಾತನ್ನು ಮೂರು ವರ್ಷಗಳಲ್ಲಿ ಹಂತಹಂತವಾಗಿ ನಿಲ್ಲಿಸಬೇಕೆಂದು ಪೀಟಾ ಮರ್ಫಿ ಅಧ್ಯಕ್ಷತೆಯ ಸಂಸದೀಯ ಸಮಿತಿ 2023ರಲ್ಲಿ ಶಿಫಾರಸು ಮಾಡಿತು. ಅದೇ ವರ್ಷ ‘ಬೆಟ್‌ಸ್ಟಾಪ್’ ಎಂಬ ನೋಂದಣಿ ಆರಂಭವಾಯಿತು. ಅದರಲ್ಲಿ ಹೆಸರು ಬರೆಸಿದವರಿಂದ ಪರವಾನಗಿ ಪಡೆದ ಯಾವ ಆನ್‌ಲೈನ್ ಅಥವಾ ಫೋನ್ ಬಾಜಿ ಕಂಪನಿಯೂ ಹಣ ಕಟ್ಟಿಸಿಕೊಳ್ಳುವಂತಿಲ್ಲ. 2024ರಲ್ಲಿ ಆನ್‌ಲೈನ್ ಬಾಜಿಗೆ ಕ್ರೆಡಿಟ್ ಕಾರ್ಡ್ ಬಳಕೆಯೂ ನಿಂತಿತು.

ಮಿತ್ರರೇ, ನಿಮ್ಮಲ್ಲಿ ಕೆಲವರು ನಾಳೆ ಓದಿಗಾಗಿ ಮೆಲ್ಬರ್ನಿಗೋ ಸಿಡ್ನಿಗೋ ಹೋಗಬಹುದು. ಹೊಸ ಊರು, ಒಂಟಿತನ, ಕೈಯಲ್ಲಿ ಶುಲ್ಕದ ಹಣ; ‘ಒಂದು ಸಲ ಕಟ್ಟಿ ನೋಡು’ ಎನ್ನುವ ಗೆಳೆಯ ಅಲ್ಲಿಯೂ ಇರುತ್ತಾನೆ. ಆಗ ಧರ್ಮರಾಯನನ್ನು ನೆನೆಯಿರಿ. ಒಂದು ಪಣ ಸೋತಾಗಲೇ ಎದ್ದಿದ್ದರೆ ಅವನ ರಾಜ್ಯ ಉಳಿಯುತ್ತಿತ್ತು. ಸೋತದ್ದನ್ನು ಮರಳಿ ಗೆಲ್ಲುವ ಆಸೆಯೇ ಜೂಜಿನ ನಿಜವಾದ ಬಲೆ. ಆಟವನ್ನು ಆಟವಾಗಿಯೇ ನೋಡಿ ಸಂತೋಷಪಡಿ; ಅದಕ್ಕೆ ಬಾಜಿಯ ಅಗತ್ಯವಿಲ್ಲ.